ತಾಟು ಹಿಡಿದ ಕೈ

ಬಾಣಂತಿಯ ಕೋಣೆಗೆ ಅಜವಾನದ ಹೊಗೆ ಹಾಕಿ ಕೆಂಡದ ಮಡಕೆಯನ್ನು ಹೊರಗೆ ತರುತ್ತಿದ್ದೆ. ಆ ಘಾಟು ಮೂಗಿಗೆ ಹತ್ತಿದರೆ ಬೇರೆಯವರಿಗೆ ಕೆಮ್ಮು ಬರುತ್ತದೆ, ನನಗೆ ಹನ್ನೊಂದು ದಿನಗಳಿಂದ ನಗು ಬರುತ್ತಿದೆ. ಒಳಗೆ ನನ್ನ ಮಗಳು ಕರುಣಾ ಮಲಗಿದ್ದಾಳೆ. ಅವಳ ಮಗ್ಗುಲಲ್ಲಿ ನನ್ನ ಎರಡನೇ ಮೊಮ್ಮಗಳು. ಎರಡೂ ಮುಷ್ಟಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಎದ್ದ ಕೂಡಲೇ ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳುವವಳ ಹಾಗೆ ನಿದ್ದೆ ಮಾಡುತ್ತದೆ ಆ ಕೂಸು. "ಥೇಟ್ ನಿಮ್ಮಂಗ ಐತ್ರಿ ಅತ್ತಿ" ಎನ್ನುತ್ತಾನೆ ಅಳಿಯ. ನಾನು ಬೈದ ಹಾಗೆ ಮಾಡುತ್ತೇನೆ, ಒಳಗೊಳಗೇ ಉಬ್ಬುತ್ತೇನೆ. ಇಡೀ ದಾಂಡೇಲಿಯಲ್ಲಿ ಈಗ ನನ್ನಷ್ಟು ಸುಖವಾಗಿರುವ ಮುದುಕಿ ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ, ನಾನೂ ಅವಳ ಮುಖ ನೋಡುತ್ತೇನೆ.

ಇಂಥ ಹೊತ್ತಿನಲ್ಲಿ ಬಂದಳು ಶಾಂತವ್ವ. ನಮ್ಮ ಓಣಿಯವಳು, ನಮ್ಮ ಕ್ರೈಸ್ತ ಸಭೆಯವಳು, ಮೂವತ್ತು ವರ್ಷದ ಗೆಳತಿ. ಅಂಟಿನ ಉಂಡಿಯ ಡಬ್ಬಿ ತಂದಿದ್ದಳು. ಕೂಸಿನ ಮುಖ ನೋಡಿದಳು, ಅರಿವೆ ಸರಿಸಿ ಖಾತ್ರಿ ಮಾಡಿಕೊಂಡಳು, ಆಮೇಲೆ ಸತ್ತವರ ಮನೆಯಲ್ಲಿ ಬಿಡುವಂಥ ಒಂದು ಉಸಿರು ಬಿಟ್ಟಳು.

"ಇದೂ ಹೆಣ್ಣ ಏನ? ಇರಲಿ ಬಿಡವಾ. ದೇವರ ಚಿತ್ತ. ನಮ್ಮ ಕೈಯಾಗ ಏನೈತಿ?"

"ಶಾಂತೀ," ಅಂದೆ, "ಉಂಡಿ ಇಲ್ಲಿಡು. ಆ ಉಸಿರು ಮಾತ್ರ ವಾಪಸ್ ತಗೊಂಡು ಹೋಗು."

ಅವಳು ಸಿಟ್ಟಾಗಲಿಲ್ಲ. ನನ್ನ ಬಾಯಿ ಅವಳಿಗೆ ರೂಢಿಯಾಗಿದೆ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅವಳು ಹೋದ ಮೇಲೂ ಕೂಸಿನ ಅರಿವೆಗಳನ್ನು ಹಿಂಡುತ್ತ ಹಿಂಡುತ್ತ ಬೈದುಕೊಂಡೆ. ಆ ದಿನ ಅರಿವೆಗಳು ಎಷ್ಟು ಬೇಗ ಒಣಗಿದವೆಂದರೆ ಕರುಣಾ ಆಶ್ಚರ್ಯಪಟ್ಟಳು.

ನೀವೇ ಹೇಳಿ. ಮದುವೆಯ ಊಟದಲ್ಲಿ ಎರಡನೇ ಹೋಳಿಗೆ ಎಲೆಗೆ ಬಿದ್ದಾಗ ಯಾರಾದರೂ ಮುಖ ಇಳಿಸಿಕೊಂಡು "ದೇವರ ಚಿತ್ತ" ಅಂದದ್ದನ್ನು ಕೇಳಿದ್ದೀರಾ? ಹಳಿಯಾಳದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕವರು ಅಂದದ್ದುಂಟೆ? ಇಲ್ಲ. ಆ ಮಾತು ಹೊರಗೆ ಬರುವುದು ಇನ್ನೊಬ್ಬರ ಬಾಯಿ ಮುಚ್ಚಿಸಬೇಕಾದಾಗ. ಹೆಣ್ಣು ಹುಟ್ಟಿದಾಗ, ಕೂಸು ತೀರಿಕೊಂಡಾಗ, ಸೊಸೆ ಮೂಲೆಯಲ್ಲಿ ಅಳುವಾಗ. ದೇವರು ಏನು ಬರೀ ಬೀಗ ಮಾರುವವನೇ?

ತಪ್ಪು ತಿಳಿಯಬೇಡಿ. ದೇವರು ಆಳುತ್ತಾನೆಂದು ನಾನು ನಂಬುತ್ತೇನೆ. ಅರೆಬರೆ ಅಲ್ಲ, ಗಟ್ಟಿಯಾಗಿ ನಂಬುತ್ತೇನೆ. ಅಂಬಿಕಾನಗರದ ಕಡೆ ಕಾಳಿ ನದಿಯ ನೀರನ್ನು ಮನುಷ್ಯರು ತಡೆದು, ತಿರುಗಿಸಿ, ಕರೆಂಟು ತೆಗೆಯುತ್ತಾರೆ. ಅಷ್ಟೆಲ್ಲ ಆದ ಮೇಲೂ ನದಿ ಸಮುದ್ರಕ್ಕೇ ಹೋಗುತ್ತದೆ. ದೇವರ ಆಳ್ವಿಕೆ ಎಂದರೆ ನನಗೆ ಹಾಗೆ ಕಾಣುತ್ತದೆ. ನನ್ನ ಜಗಳ ಅವನ ಜೊತೆ ಅಲ್ಲ. ಅವನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು, "ಒಳಗಿಂದ ಹಿಂಗ ಹೇಳ್ಯಾರ" ಎಂದು ನಮಗೆ ಅಪ್ಪಣೆ ಕೊಡುವವರ ಜೊತೆ. ಈ ಜಗಳಕ್ಕೆ ಹನ್ನೆರಡು ವರ್ಷವಾಯಿತು. ಅದನ್ನು ಹೇಳಬೇಕಾದರೆ ಮೊದಲು ನನ್ನ ಕಳ್ಳತನವನ್ನೇ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಮುಂಡಗೋಡದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಮೂರನೇ ಇಯತ್ತೆಗೆ ಸಾಲೆ ಬಿಟ್ಟೆ. ಮದುವೆಯಾಗಿ ದಾಂಡೇಲಿಗೆ ಬಂದೆ. ನಮ್ಮ ಮನೆಯವರು ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಬರೆಯುತ್ತಿದ್ದರು. ಮಾತು ಕಡಿಮೆ. ದಿಮ್ಮಿಗಳ ಜೊತೆ ಇದ್ದು ಇದ್ದು ಹಾಗಾದರೋ ಏನೋ. ನಮ್ಮ ಸಭೆ ಕೋಗಿಲಬನಕ್ಕೆ ಹೋಗುವ ದಾರಿಯಲ್ಲಿ, ತಗಡಿನ ಮಾಳಿಗೆಯ ಒಂದು ಖೋಲಿ. ಧಾರವಾಡ, ಬೆಳಗಾವಿ ಕಡೆಯಿಂದ ದುಡಿಯಲು ಬಂದ ಹತ್ತು ಹನ್ನೆರಡು ಮನೆಯವರು ಅಲ್ಲಿ ಸೇರುತ್ತಿದ್ದೆವು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ನಡುವೆ ಚಾಪೆಯ ಅಂಚು. ಪಾದ್ರಿಯವರು ಹಳಿಯಾಳದಿಂದ ತಿಂಗಳಿಗೆ ಒಂದು ಸಲ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಸಭೆ ನಡೆಸುವವರು ನಮ್ಮ ಹಿರಿಯರು, ದೇವಪುತ್ರಪ್ಪ. ವಾರವೆಲ್ಲ ಬಜಾರದಲ್ಲಿ ಅಂಗಿ ಹೊಲಿಯುತ್ತಿದ್ದರು. ಒಳ್ಳೆಯ ದರ್ಜಿ. ಒಂದು ಹೊಲಿಗೆ ಸೊಟ್ಟ ಹೋಗುತ್ತಿರಲಿಲ್ಲ. ಆದರೆ ಮನುಷ್ಯರನ್ನೂ ಹಾಗೆಯೇ ಕತ್ತರಿಸಿ ಹೊಲಿಯಬಹುದು ಎಂದು ಅವರಿಗೆ ಅನ್ನಿಸಿತ್ತು ಅಂತ ಕಾಣುತ್ತದೆ.

ನಮ್ಮಲ್ಲಿ ಹೊಸ ವರ್ಷದ ದಿನ ಬೆಳಗಿನ ಆರಾಧನೆಯಲ್ಲಿ ವಚನದ ತಾಟು ಬರುತ್ತದೆ. ಬೇರೆ ಸಭೆಗಳಲ್ಲೂ ಉಂಟು, ನೀವು ನೋಡಿರಬಹುದು. ದೊಡ್ಡ ಹಾಳೆಯಲ್ಲಿ ಬೈಬಲಿನ ನೂರು ವಚನಗಳನ್ನು ಸಣ್ಣ ಸಣ್ಣ ಚೌಕದಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಅವನ್ನು ಕತ್ತರಿಸಿ, ಮಡಚಿ, ಹಿತ್ತಾಳೆಯ ತಾಟಿನಲ್ಲಿ ಹರವಿ, ಎಲ್ಲರ ಮುಂದೆ ಹಿಡಿಯಬೇಕು. ಒಬ್ಬೊಬ್ಬರು ಕಣ್ಣು ಮುಚ್ಚಿ ಪ್ರಾರ್ಥಿಸಿ ಒಂದು ಚೀಟಿ ಎತ್ತಿಕೊಳ್ಳುತ್ತಾರೆ. ಆ ವರ್ಷ ಪೂರ್ತಿ ಅದೇ ನಿಮಗೆ ದೇವರು ಕೊಟ್ಟ ಮಾತು. ಕೆಲವರು ಗೋಡೆಗೆ ಅಂಟಿಸುತ್ತಾರೆ, ಕೆಲವರು ಕುಪ್ಪಸದಲ್ಲಿ ಇಟ್ಟುಕೊಂಡು ಮೂರನೇ ದಿನ ಒಗೆಯುತ್ತಾರೆ. ನಾನು ಒಗೆದದ್ದೂ ಉಂಟು.

ಕರುಣಾಗೆ ಒಬ್ಬ ತಮ್ಮನಿದ್ದ. ನಾಲ್ಕು ವರ್ಷದವನು. ಜ್ವರ ಬಂತು, ಐದು ದಿನಕ್ಕೆ ಹೋದ. ಆ ವರ್ಷ ಮುಗಿದು ಹೊಸ ವರ್ಷ ಬಂದಾಗ ನನಗೆ ಸಭೆಗೆ ಹೋಗಲು ಕಾಲೇ ಏಳಲಿಲ್ಲ. ಆದರೂ ಹೋದೆ. ತಾಟು ಬಂತು. ಎಲ್ಲರ ಹಾಗೆ ಕಣ್ಣು ಮುಚ್ಚಿದೆ, ಒಂದು ಎತ್ತಿದೆ. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ದೇವರು ತನಗೆ ಬೇಕಾದವರನ್ನು ಹೊಡೆದು ತಿದ್ದುತ್ತಾನೆ ಎಂಬ ಅರ್ಥದ ವಚನ. ಪಕ್ಕದಲ್ಲಿದ್ದವರು ಇಣುಕಿ ನೋಡಿ, "ದೇವರ ಚಿತ್ತ ತಾಯಿ, ತಡಕೋಬೇಕು" ಅಂದರು. ಆ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಬೆವರಿಗೆ ಅಚ್ಚು ಅಂಗೈಗೆ ಹತ್ತಿತ್ತು. ನಾಲ್ಕು ವರ್ಷದ ಹುಡುಗ ಸತ್ತದ್ದು ನನ್ನನ್ನು ತಿದ್ದಲಿಕ್ಕೆ ಎಂದರೆ ನಾನು ಅಂಥದ್ದೇನು ತಪ್ಪು ಮಾಡಿದ್ದೆ ಹೇಳಿ?

ಮರುವರ್ಷ ಚೀಟಿ ಕತ್ತರಿಸುವ ಕೆಲಸ ನನಗೆ ಬಂತು. ತಾಟಿಗೆ ಹೊದಿಸುವ ಬಿಳಿ ಬಟ್ಟೆಗೆ ನಾನೇ ಕಸೂತಿ ಹಾಕಿ ಕೊಟ್ಟಿದ್ದೆ, ಹಾಗಾಗಿ ತಾಟು ಹಿಡಿಯುವ ಮಾನವೂ ನನಗೇ ಸಿಕ್ಕಿತು. ಊಟವಾದ ಮೇಲೆ ನಾಲ್ಕು ದಿನ ಕೂತು ನೂರನ್ನೂ ಓದಿದೆ. ಗದರಿಸುವ ವಚನ, ಕಣ್ಣೀರಿನ ವಚನ, ಶೋಧನೆಯ ವಚನ, ಎಲ್ಲವನ್ನೂ ಬೇರೆ ಮಾಡಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟೆ. ದೇವರ ಮಾತಿನಲ್ಲಿ ಹರಳು ಆರಿಸಿದವಳು ನಾನು. ಅಷ್ಟಕ್ಕೇ ನಿಲ್ಲಲಿಲ್ಲ. ಇಂಥವರಿಗೆ ಇಂಥದ್ದು ಸಿಗಲಿ ಎಂದು ನನ್ನ ಮನಸ್ಸಿಗೆ ಬಂದರೆ ಆ ಚೀಟಿಯನ್ನು ತಾಟಿನ ಅಂಚಿನಲ್ಲಿ ಹೆಬ್ಬೆಟ್ಟಿನ ಕೆಳಗೆ ಒತ್ತಿ ಹಿಡಿಯುತ್ತಿದ್ದೆ. ಅವರು ಕಣ್ಣು ಮುಚ್ಚಿದಾಗ ಮೆಲ್ಲಗೆ ಮುಂದೆ ಸರಿಸಿ ತಾಟನ್ನು ಅವರ ಬೆರಳಿನ ಹತ್ತಿರಕ್ಕೆ ಒಯ್ಯುತ್ತಿದ್ದೆ. ಕಣ್ಣು ಮುಚ್ಚಿದ ಮನುಷ್ಯ ಹತ್ತಿರ ಸಿಕ್ಕದ್ದನ್ನೇ ಎತ್ತುತ್ತಾನೆ. ನೀವು ಬೇಕಾದರೆ ಮನೆಯಲ್ಲಿ ಮಾಡಿ ನೋಡಿ.

ಕೆಟ್ಟದ್ದಕ್ಕೆ ಮಾಡಲಿಲ್ಲ ಎನ್ನುವುದು ನನ್ನ ಸಮಾಧಾನ. ವಿಧವೆಯರಿಗೆ ಧೈರ್ಯದ್ದು, ಕಾಯಿಲೆಯ ಮನೆಗೆ ಸಮಾಧಾನದ್ದು, ಪರೀಕ್ಷೆಗೆ ಕೂರುವವರಿಗೆ ಜಯದ್ದು. ಎಲ್ಲರೂ ಕಣ್ಣಲ್ಲಿ ನೀರು ತಂದುಕೊಂಡು "ದೇವರು ನನ್ನ ಮನಸ್ಸು ತಿಳದಾನ" ಎನ್ನುವಾಗ ನನ್ನ ಎದೆ ತುಂಬುತ್ತಿತ್ತು. ಹತ್ತು ವರ್ಷ ಹೀಗೇ ನಡೆಯಿತು. ನಡುವೆ ಶಾಂತವ್ವ ನನ್ನ ಜರಡಿ ಒಯ್ದು ತಿರುಗಿ ಕೊಡದೆ, ಕೊಟ್ಟಿದ್ದೇನೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಾಗ, ಮೂರು ವರ್ಷ ಸಾಲಾಗಿ ನಾಲಿಗೆಯನ್ನು ಬಿಗಿಹಿಡಿಯಬೇಕೆನ್ನುವ ವಚನವನ್ನು ಅವಳಿಗೇ ತಲುಪಿಸಿದೆ. ಅಷ್ಟು ಮಾತ್ರ ದೇವರ ಹೆಸರಿನಲ್ಲಿ ಸ್ವಂತಕ್ಕೆ ಮಾಡಿಕೊಂಡದ್ದು.

ಕರುಣಾ ಧಾರವಾಡದಲ್ಲಿ ಟೀಚರ್ ತರಬೇತಿ ಮುಗಿಸಿ ಮನೆಯಲ್ಲಿದ್ದಳು. ಆ ಹೊಸ ವರ್ಷಕ್ಕೆ ನಾನು ಅವಳಿಗೆಂದು ಒಂದು ಚಂದದ ಚೀಟಿ ಆರಿಸಿದೆ. ದೇವರ ಜನರು ತಮ್ಮ ಮನೆಗಳಲ್ಲಿ ಅಂಜಿಕೆಯಿಲ್ಲದೆ ನೆಮ್ಮದಿಯಾಗಿ ಇರುತ್ತಾರೆ ಎಂಬ ಅರ್ಥದ್ದು. ಮಗಳಿಗೆ ಒಳ್ಳೆಯ ಮನೆ ಸಿಗಲಿ, ಕಾಡಿಸದ ಗಂಡ ಸಿಗಲಿ, ಇನ್ನೇನು ಬೇಡುತ್ತಾಳೆ ತಾಯಿ? ಹೆಬ್ಬೆಟ್ಟು ತನ್ನ ಕೆಲಸ ಮಾಡಿತು. ಕರುಣಾ ಎತ್ತಿಕೊಂಡಳು, ಗಟ್ಟಿಯಾಗಿ ಓದಿದಳು, ಎಲ್ಲರೂ ಆಮೆನ್ ಅಂದರು.

ಅದಾಗಿ ಎಂಟು ದಿನಕ್ಕೆ ಸರಕಾರದ ಆರ್ಡರು ಬಂತು. ಜೋಯಿಡಾ ದಾಟಿ ಅನಮೋಡದ ಕಡೆ, ಕಾಡಿನೊಳಗಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನೇಮಕ. ಹದಿನೈದು ದಿನದೊಳಗೆ ಹಾಜರಾಗಬೇಕು, ಇಲ್ಲವಾದರೆ ಆರ್ಡರು ರದ್ದು. ಕರುಣಾ ಆ ಕಾಗದವನ್ನು ಎದೆಗೆ ಒತ್ತಿಕೊಂಡು ಮನೆ ತುಂಬ ಓಡಾಡಿದಳು. ಸಂಜೆ ಹಿರಿಯರು ಬಂದರು. ಚಹಾ ಕುಡಿದರು. ಕಾಗದ ಓದಿದರು. ಮಡಚಿ ಮಣೆಯ ಮೇಲೆ ಇಟ್ಟರು.

"ಇದಕ್ಕ ಹೋಗೂದು ಬ್ಯಾಡ" ಅಂದರು.

"ಯಾಕ್ರಿ ಅಣ್ಣಾರ?" ಅಂದೆ.

"ಅಕ್ಕಾರ, ಈ ಹುಡುಗಿಗೆ ಬಂದ ವಚನ ಯಾವುದು? ತಮ್ಮ ಮನೆಯೊಳಗ ನೆಮ್ಮದಿಯಾಗಿರೂದು. ದೇವರು ಹೊಸ ವರ್ಷದ ದಿನ ಮಾತಾಡ್ಯಾನ. ಸರಕಾರ ಎಂಟು ದಿನ ಬಿಟ್ಟು ಮಾತಾಡೈತಿ. ಯಾರ ಮಾತು ಮೊದಲ ಹೇಳ್ರಿ?"

"ನೆಮ್ಮದಿ ಅಂದ್ರ ಮನಿ ಬಿಟ್ಟು ಎಲ್ಲೂ ಹೋಗಬಾರದು ಅಂತ ಆತೇನ್ರಿ?"

"ನಾವು ಅರ್ಥ ಮಾಡಾಕ ಹೋಗಬಾರದ್ರಿ. ಆಳಾಂವ ಅವ. ನಾವು ತಲಿ ಬಗ್ಗಿಸೂದು."

ಕೇಳಿದಿರಾ? ಅರ್ಥ ಮಾಡಲು ಹೋಗಬಾರದಂತೆ, ಆದರೆ ಅರ್ಥ ಮಾತ್ರ ಅವರು ಆಗಲೇ ಮಾಡಿ ಮುಗಿಸಿದ್ದರು! ನನ್ನ ಮೈಯೆಲ್ಲ ಉರಿಯಿತು. ಕಾಡಿನ ಹಾದಿ, ಒಬ್ಬಳೇ ಹುಡುಗಿ, ಕೊಂಕಣಿ ಮಾತಾಡುವ ಊರು, ನಮ್ಮ ಸಭೆ ಅಲ್ಲಿಲ್ಲ ಎಂಬ ಚಿಂತೆ ಅವರಿಗೆ ಇದ್ದಿರಬಹುದು. ಅದನ್ನೇ ನೆಟ್ಟಗೆ ಹೇಳಿದ್ದರೆ ನೆಟ್ಟಗೆ ಉತ್ತರ ಕೊಡುತ್ತಿದ್ದೆ. ತಮ್ಮ ಅಂಜಿಕೆಗೆ ದೇವರ ಅಂಗಿ ತೊಡಿಸಿ ತಂದರೆ ಅದರ ಜೊತೆ ವಾದ ಮಾಡುವುದು ಹೇಗೆ?

ನಮ್ಮ ಮನೆಯವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಒಮ್ಮೆ ದಿಮ್ಮಿ ಉರುಳಿ ಅವರ ಕಾಲು ಮುರಿದಾಗ ಇದೇ ಹಿರಿಯರು ಮೂರು ವಾರ ಆಸ್ಪತ್ರೆಗೆ ಬುತ್ತಿ ಒಯ್ದಿದ್ದರು. ಅವರ ಮಾತು ನಮ್ಮ ಮನೆಯವರು ಮೀರುವುದಿಲ್ಲ. "ಹಿರಿಯರು ಹೇಳ್ಯಾರಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು.

ಅವರಿಬ್ಬರನ್ನು ಹೇಗೋ ನಾನು ನಿಭಾಯಿಸುತ್ತಿದ್ದೆ. ನನ್ನನ್ನು ಮುರಿದದ್ದು ಮಗಳ ಮಾತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದಳು.

"ಕರುಣಾ, ಅವರು ಹೇಳಿದ್ರ ಹೇಳ್ಲಿ, ನೀ ಹೋಗು" ಅಂದೆ.

"ಅವರು ಹೇಳಿದ್ದಲ್ಲ ಯವ್ವಾ. ಚೀಟಿ ನಾನ ಎತ್ತೀನಿ. ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡಿ ಎತ್ತೀನಿ. ದೇವರ ಬ್ಯಾಡ ಅಂದ ಮ್ಯಾಲೆ ನಾ ಹೆಂಗ ಹೋಗ್ಲಿ?"

ಅವಳು ಅಳಲಿಲ್ಲ. ಬೂದಿಯಿಂದ ಬೋಗುಣಿಯ ತಳವನ್ನು ತಿಕ್ಕುತ್ತಲೇ ಇದ್ದಳು. ಅದು ಯಾವಾಗಲೋ ಬೆಳ್ಳಗಾಗಿತ್ತು. ನಾನು ಅಲ್ಲೇ ನಿಂತೆ. ದೇವರು ಬೇಡ ಅನ್ನಲಿಲ್ಲ ಮಗಳೇ, ಅದು ನನ್ನ ಹೆಬ್ಬೆಟ್ಟು ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಹತ್ತು ವರ್ಷದ ಮಾನ, ಕಸೂತಿಯ ಬಟ್ಟೆ, ಹಿತ್ತಾಳೆ ತಾಟು, ಎಲ್ಲರ ಕಣ್ಣೀರು, ಎಲ್ಲ ಅಡ್ಡ ಬಂದವು. ಒಳಗೆ ಹೋಗಿ ಹಿರಿಯರನ್ನು ಇನ್ನಷ್ಟು ಬೈದೆ. ನನ್ನನ್ನು ಬೈದುಕೊಳ್ಳುವುದಕ್ಕಿಂತ ಅದು ಸುಲಭ.

ಹಾಜರಾಗಲು ಇನ್ನು ಮೂರು ದಿನ ಉಳಿದಿದ್ದಾಗ ಭಾನುವಾರ ಬಂತು. ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಒಂದಿರುತ್ತದೆ. ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಹಿರಿಯರು ತಾವೇ ಮೊದಲು ಮಾಡಿ, ನಮ್ಮ ಒಬ್ಬ ತಂಗಿ ಸರಕಾರಿ ನೌಕರಿಗಿಂತ ದೇವರ ಚಿತ್ತವೇ ದೊಡ್ಡದೆಂದು ತಿಳಿದಿದ್ದಾಳೆ, ಅವಳಿಗಾಗಿ ಸ್ತೋತ್ರ ಮಾಡೋಣ ಅಂದರು. ಎಲ್ಲರೂ ಕರುಣಾಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯ ಬೈತಲೆ ಕಂಡಾಗ ನನ್ನ ಕಾಲು ತಾನಾಗಿ ಎದ್ದಿತು.

"ನನಗ ಒಂದು ಸಾಕ್ಷಿ ಹೇಳೂದೈತಿ" ಅಂದೆ. ಮುಂದೆ ಹೋಗಿ ಕಾಣಿಕೆಯ ತಾಟನ್ನು ಎತ್ತಿದೆ. ಹಾಡಿನ ಪಟ್ಟಿಯ ಒಂದು ತುಂಡು ಕಾಗದ ಹರಿದು ಅದರ ಅಂಚಿಗೆ ಇಟ್ಟೆ. "ಆ ಚೀಟಿ ದೇವರು ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು. ಹಿಂಗ ಹೆಬ್ಬೆಟ್ಟಿನ ಕೆಳಗ ಹಿಡದು, ಹಿಂಗ ಸರಿಸಿ ಕೊಟ್ಟೀನಿ. ಹತ್ತು ವರ್ಷದಿಂದ ಇದ ಮಾಡೀನಿ. ಗದರಸೂ ವಚನ ಎಲ್ಲಾ ನಮ್ಮ ಅಕ್ಕಿ ಡಬ್ಬಿ ಕೆಳಗ ಅದಾವು. ಯಾರಿಗೆ ಬೇಕೋ ಬಂದು ನೋಡ್ರಿ."

ಮೊದಲು ಬಾಯಿ ಬಿಟ್ಟವಳು ಶಾಂತವ್ವ.

"ಅಂದ್ರ ಮೂರು ವರ್ಷ ನನಗ ಬರೇ ನಾಲಿಗಿ ವಚನ ಬಂದಿದ್ದು?"

"ನಾನ ಕೊಟ್ಟಿದ್ದು."

"ಯವ್ವಾ ನಿನ್ನ! ಆ ಮೂರು ವರ್ಷ ನಾ ಉಪಾಸ ಮಾಡೇನಲ್ಲ!"

"ನನ್ನ ಜರಡಿ ಎಲ್ಲೈತಿ?"

ಯಾರೋ ಕಿಸಕ್ಕನೆ ನಕ್ಕರು. ಹಿರಿಯರು ನಗಲಿಲ್ಲ. ಅವರ ಮುಖ ಬಿಳಿಚಿತ್ತು. ಗಂಟಲು ಸರಿಮಾಡಿಕೊಂಡರು.

"ಅಕ್ಕಾರ, ನೀವು ಮಾಡಿದ್ದು ದೊಡ್ಡ ಪಾಪ. ಆದರ ದೇವರು ಅದಕ್ಕಿಂತ ದೊಡ್ಡಾಂವ. ನಿಮ್ಮ ಮೋಸಾನೂ ಅವನ ಕೈ ಮೀರಿ ಆಗಿಲ್ಲ. ನಿಮ್ಮ ಹೆಬ್ಬೆಟ್ಟಿನಿಂದನ ಅವ ತನ್ನ ಮಾತು ಕೊಟ್ಟಾನ. ಹುಡುಗಿ ಹೋಗೂದು ಬ್ಯಾಡ."

ಜನ ತಲೆದೂಗಿದರು. ನನಗೂ ಒಂದು ಗಳಿಗೆ ಹೌದೆನ್ನಿಸಿತು ನೋಡಿ! ಮಾತು ಸುಳ್ಳಲ್ಲ. ದೇವರ ಕೈ ಮೀರಿ ನನ್ನ ಹೆಬ್ಬೆಟ್ಟು ಎಲ್ಲಿ ಹೋದೀತು? ಆಮೇಲೆ ಅದೇ ಮಾತಿನಿಂದಲೇ ನನಗೆ ಬಲ ಬಂತು.

"ಖರೇ ಅಂದ್ರಿ ಅಣ್ಣಾರ" ಅಂದೆ. "ನನ್ನ ಮೋಸ ಅವನ ಕೈಯಾಗ ಐತಿ. ಹಂಗಾರ ಸರಕಾರದ ಆರ್ಡರು ಯಾರ ಕೈಯಾಗೈತ್ರಿ? ಈಗ ನಾ ಎದ್ದು ನಿಂತು ಮಾನ ಕಳಕೊಂಡಿದ್ದು ಯಾರ ಕೈಯಾಗೈತಿ? ಎಲ್ಲಾ ಆಳತಾನ ಅಂದ್ರ ಎಲ್ಲಾ ಆಳತಾನ. ನಿಮಗ ಬೇಕಾದ ಚೀಟಿ ಅಷ್ಟ ಆರಿಸಿ ತಗೀತೀರಲ್ಲ, ಮತ್ತ ನನಗೂ ನಿಮಗೂ ಏನು ಫರಕು?"

ಅವರು ನನ್ನ ಕೈಯಿಂದ ತಾಟು ತೆಗೆದುಕೊಂಡು, ಕಾಗದದ ತುಂಡನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಕೊನೆಯ ಹಾಡು ಹೇಳಿಸಿದರು. ನಾನು ನನ್ನ ಜಾಗಕ್ಕೆ ಬಂದು ಕೂತೆ. ಕರುಣಾ ನನ್ನ ಕಡೆ ನೋಡಲೇ ಇಲ್ಲ. ಹಾಡಿನ ನಡುವೆ ಅವಳ ಕೈ ಬಂದು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿತು, ಸಣ್ಣವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ.

ಮೂವರೂ ಮನೆಗೆ ಬಂದೆವು. ಬಾಗಿಲು ತೆಗೆಯುವಾಗ ನಮ್ಮ ಮನೆಯವರು ಬೆನ್ನು ತಿರುಗಿಸಿಕೊಂಡೇ ಕೇಳಿದರು, "ಜೋಯಿಡಾ ಬಸ್ಸು ಮುಂಜಾನೆ ಎಷ್ಟಕ್ಕ ಐತಿ?"

ಮಗಳನ್ನು ಅವರೇ ಬಿಟ್ಟು ಬಂದರು. ಮೊದಲ ವರ್ಷ ಅವಳು ಕನ್ನಡದಲ್ಲಿ ಕಲಿಸುವುದು, ಮಕ್ಕಳು ಕೊಂಕಣಿಯಲ್ಲಿ ಉತ್ತರ ಹೇಳುವುದು ನಡೆಯಿತಂತೆ. ಎರಡನೇ ವರ್ಷಕ್ಕೆ ಇವಳೇ ಕೊಂಕಣಿಯಲ್ಲಿ ಬೈಯಲು ಕಲಿತಳು. ಮನೆಗೆ ಬಂದಾಗ ಅವಳ ನಡೆಯೇ ಬೇರೆಯಾಗಿತ್ತು. ಕಾಡುಹಾದಿಯಲ್ಲಿ ನಡೆದು ನಡೆದು ಉದ್ದುದ್ದ ಹೆಜ್ಜೆ ಹಾಕುತ್ತಿದ್ದಳು. ಅಂಬಿಕಾನಗರದ ಕಾಲನಿಯಲ್ಲಿ ಕೆಲಸಕ್ಕಿದ್ದ ಆನಂದನನ್ನು ತಾನೇ ನೋಡಿ, ತಾನೇ ಮೆಚ್ಚಿ, ನಮಗೆ ತಿಳಿಸುವ ಮರ್ಯಾದೆ ಮಾಡಿ ಮದುವೆಯಾದಳು. ಬಂಗಾರದಂಥ ಹುಡುಗ. ಮೊದಲ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಸುದ್ದಿ ಶುರುಮಾಡಿದರೆ ಒಂದು ದಿನ ಸಾಲುವುದಿಲ್ಲ, ಅದಕ್ಕೆ ಬಾಯಿ ಕಟ್ಟಿಕೊಂಡಿದ್ದೇನೆ.

ವಚನದ ತಾಟು ಮತ್ತೆ ನನ್ನ ಕೈಗೆ ಬರಲಿಲ್ಲ. ನ್ಯಾಯವೇ. ಆದರೆ ಒಂದು ನೋಡಿ, ನನ್ನ ಪಾಪಕ್ಕೆ ನಾನು ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡೆ. ದೇವರ ಹೆಸರಿನಲ್ಲಿ ಒಂದು ಹುಡುಗಿಯ ಹಾದಿಗೆ ಅಡ್ಡ ಮಲಗಿದವರು ಏನಾದರೂ ಒಪ್ಪಿಕೊಂಡರೇ? ಇಲ್ಲ. ಅವರು ಹಿರಿಯರಾಗಿಯೇ ಉಳಿದರು. ಈ ಸಿಟ್ಟನ್ನು ನಾನು ಹನ್ನೆರಡು ವರ್ಷ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟಿದ್ದೆ. ಸಭೆಯಲ್ಲಿ ನಮಸ್ಕಾರಕ್ಕೆ ನಮಸ್ಕಾರ, ಅದರಾಚೆ ಒಂದು ಮಾತಿಲ್ಲ.

ನಿನ್ನೆ ಬೆಳಿಗ್ಗೆ ಅವರು ಕೂಸನ್ನು ನೋಡಲು ಬಂದರು. ಹೆಂಡತಿ ತೀರಿಕೊಂಡ ಮೇಲೆ ಬಾಗಿದ್ದಾರೆ. ಕಣ್ಣಿಗೆ ಸೂಜಿ ಕಾಣುವುದಿಲ್ಲವೆಂದು ಅಂಗಡಿ ಮುಚ್ಚಿದ್ದಾರೆ. ಕೈಯಲ್ಲಿ ಒಂದು ಪೊಟ್ಟಣ. ಒಳಗೆ ಕೂಸಿಗೊಂದು ಝಬಲಾ. ಅಂದಾಜಿನ ಮೇಲೆ ಹೊಲಿದದ್ದು, ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಇವರ ಕೈಯ ಹೊಲಿಗೆ ಸೊಟ್ಟ ಹೋದದ್ದನ್ನು ಮೊದಲ ಸಲ ಕಂಡೆ. ಚಹಾ ಕೊಟ್ಟೆ. ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

"ಅಕ್ಕಾರ, ಒಂದು ಕೇಳೂದಿತ್ತು. ಹನ್ನೆರಡು ವರ್ಷ ಆತು, ಕೇಳಾಕ ಅಂಜಿಕಿ."

"ಕೇಳ್ರಿ."

"ಕರುಣಾ ನೌಕರಿಗೆ ಹೋಗೂದಕ್ಕ ಭಾಳ ಮೊದಲಿನ ಮಾತು. ನನಗ ಪಾದ್ರಿ ಓದಾಕ ಸೀಟು ಸಿಕ್ಕಿತ್ತು. ಯಾರಿಗೂ ಹೇಳಿದ್ದಿಲ್ಲ. ವಯಸ್ಸು ಮೀರಾಕ ಬಂದಿತ್ತು, ಅದ ಕಡೀ ಅವಕಾಶ. ನಮ್ಮ ಮನಿಯಾಕಿಗೆ ಆಗ ಆರಾಮ ಇರಲಿಲ್ಲ, ಹೋಗ್ಲೋ ಬ್ಯಾಡೋ ಅಂತ ಒದ್ದಾಡತಿದ್ದೆ. ಹೊಸ ವರ್ಷಕ್ಕ ಚೀಟಿ ಎತ್ತಿದೆ. ಸುಮ್ಮನ ಇರು, ಕಾದುಕೊಂಡಿರು ಅನ್ನೂ ವಚನ ಬಂತು. ಕಾದೆ. ಮಷೀನ್ ತುಳಕೋತ ಕಾದೆ." ಲೋಟದ ಅಂಚನ್ನು ಬೆರಳಿನಿಂದ ಸವರಿದರು. "ಆ ವರ್ಷ ತಾಟು ನೀವ ಹಿಡಿದಿದ್ರಿ."

ನೆನಪು ಮಾಡಿಕೊಳ್ಳಲು ನೋಡಿದೆ. ಕಾಯಿಲೆಯ ಮನೆಗೆ ಸಮಾಧಾನದ ಚೀಟಿ, ಅದು ನನ್ನ ಪದ್ಧತಿ. ಅವರ ಹೆಂಡತಿ ಮಲಗಿದ್ದು ನನಗೆ ಗೊತ್ತಿತ್ತು. ಪಾಪ, ಧಾವಂತ ಪಡದಿರಲಿ ಎಂದು ಕೊಟ್ಟಿರಬಹುದು. ಕೊಡದೆಯೂ ಇರಬಹುದು. ಎಷ್ಟೋ ಜನರಿಗೆ ಎಷ್ಟೋ ಕೊಟ್ಟೆ, ಕೊಟ್ಟು ಮರೆತೆ. ಆ ಭಾನುವಾರ ನಾನು ತಾಟಿನ ಮೇಲೆ ಹೆಬ್ಬೆಟ್ಟು ತೋರಿಸುತ್ತ ನಿಂತಾಗ ಇವರ ಮುಖ ಯಾಕೆ ಬಿಳಿಚಿತ್ತು ಎಂಬುದು ನನಗೆ ಈಗ, ಈ ಮುದಿ ವಯಸ್ಸಿನಲ್ಲಿ, ಹೊಳೆಯಿತು. ನಾನು ಮಗಳ ಒಂದು ಚೀಟಿಯನ್ನು ಹರಿಯುತ್ತಿದ್ದೆ. ಇವರು ತಮ್ಮ ಇಡೀ ಬದುಕು ಹರಿಯುವುದನ್ನು ನೋಡುತ್ತ ನಿಂತಿದ್ದರು. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡವರು ಎಂದು ಇವರನ್ನು ಬೈದೆನಲ್ಲ, ಅವರಿಗಿಂತ ಮೊದಲು ಅಲ್ಲಿ ಮಣೆ ಹಾಕಿಕೊಂಡು ಕೂತವಳು ನಾನೇ.

ಒಂದು ಸುಳ್ಳು ಹೇಳಿದ್ದರೆ ಅವರಿಗೆ ನಿದ್ದೆ ಬರುತ್ತಿತ್ತು. ಸುಳ್ಳಿನ ಸಮಾಧಾನ ಹಂಚಿದ್ದು ಸಾಕಾಗಿತ್ತು ನನಗೆ.

"ನೆನಪಿಲ್ರಿ ಅಣ್ಣಾರ" ಅಂದೆ. "ಕೊಟ್ಟಿದ್ರ ಕೊಟ್ಟಿರಬಹುದು. ದೇವರಾಣಿ ನೆನಪಿಲ್ಲ."

ಅವರ ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಮೆಲ್ಲಗೆ ಅಂದರು, "ಇರಲಿ ಬಿಡ್ರಿ. ನಿಮ್ಮ ಹೆಬ್ಬೆಟ್ಟು ದೇವರಿಗಿಂತ ದೊಡ್ಡದೇನಲ್ಲ." ಲೋಟ ಕೆಳಗಿಟ್ಟು, "ನನ್ನ ಬಾಯಿನೂ ಅಲ್ಲ" ಅಂದರು.

ಹನ್ನೆರಡು ವರ್ಷದ ಭರಣಿಯನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ನಾನು ಎದ್ದು ಒಳಗೆ ಹೋದೆ. ಕರುಣಾಳ ಮಗ್ಗುಲಿಂದ ಕೂಸನ್ನು ಎತ್ತಿಕೊಂಡು ಬಂದು ಅವರ ತೊಡೆಯ ಮೇಲೆ ಇಟ್ಟೆ. ಹಿರಿಯರು ಗಾಬರಿಯಾದರು. ಸೂಜಿ ಹಿಡಿದ ಕೈಗೆ ಕೂಸು ಹಿಡಿದು ರೂಢಿಯಿಲ್ಲ, ಅವರಿಗೆ ಮಕ್ಕಳಿಲ್ಲ.

"ಪ್ರಾರ್ಥನೆ ಮಾಡ್ಲ್ಯಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಅವರು ಕೇಳಿ ಪ್ರಾರ್ಥನೆ ಮಾಡಿದ್ದು ಅದೇ ಮೊದಲು.

"ಮಾಡ್ರಿ. ಸಣ್ಣದು ಮಾಡ್ರಿ, ಎದ್ದೀತು."

ಅವರ ಪ್ರಾರ್ಥನೆ ನಿಮಗೆ ಗೊತ್ತಿಲ್ಲ, ಅನ್ನ ಆರಿ ತಣ್ಣಗಾಗುವಷ್ಟು ಉದ್ದ. ಕೂಸು ಮುಂದೆ ಏನಾಗಬೇಕು, ಏನಾಗಬಾರದು, ಎಲ್ಲಿಗೆ ಹೋಗಬೇಕು ಎಂದು ದೇವರಿಗೇ ಅಪ್ಪಣೆ ಕೊಟ್ಟಾರೆಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ. ಅವರು ಕಣ್ಣು ಮುಚ್ಚಿದರು. "ಅಪ್ಪಾ, ಇದು ನಿನ್ನದು" ಅಂದರು. ಅಷ್ಟೇ.

ಆಮೆನ್ ಅಂದವಳು ನಾನು. ಎಷ್ಟು ಜೋರಾಗಿ ಅಂದೆನೆಂದರೆ ಕೂಸು ಬೆಚ್ಚಿ ಎದ್ದು, ಮುಖ ಕೆಂಪಗೆ ಮಾಡಿ, ಹಿರಿಯರ ಮುಖಕ್ಕೇ ಕಿರುಚತೊಡಗಿತು. ಅವರು ತೂಗಿದರು, ಹುಶ್ ಹುಶ್ ಅಂದರು, ನನ್ನ ಕಡೆ ದೀನವಾಗಿ ನೋಡಿದರು. ನಾನು ಕೂಸನ್ನು ತಿರುಗಿ ತೆಗೆದುಕೊಳ್ಳಲಿಲ್ಲ. ಕಿರುಚಲಿ ಬಿಡ್ರಿ ಅಣ್ಣಾರ ಎಂದು, ಅವರ ಚಹಾವನ್ನು ಮತ್ತೆ ಬಿಸಿ ಮಾಡಲು ಒಳಗೆ ಹೋದೆ.